ಹಾಳೆಯಲ್ಲಿ ಇಲ್ಲದ ಅಡುಗೆ

"ಅತ್ತೀ, ಇವತ್ತ ಏನ್ ಮಾಡೂಣು?" ಎಂದು ಸೊಸೆ ಬೆಳಗಾಗುತ್ತಲೇ ಫೋನು ಹಿಡಿದುಕೊಂಡು ಎದುರಿಗೆ ನಿಂತರೆ ಈ ವಯಸ್ಸಿನಲ್ಲೂ ನನಗೆ ತಲೆ ಕೆಡುತ್ತದೆ. ಅವಳ ತಪ್ಪೇನಿಲ್ಲ. ಬೆಂಡೆಕಾಯಿ ಒಂದನ್ನೇ ಹದಿನಾರು ರೀತಿ ಮಾಡಿ ತೋರಿಸುವವರು ಆ ಫೋನಿನೊಳಗೆ ಸಾಲುಗಟ್ಟಿ ಕೂತಿದ್ದಾರೆ. ಅವಳು ಯಾರ ಮಾತು ಕೇಳಬೇಕು? ನನಗೆ ಸಿಟ್ಟು ಬರುವುದು ಆ ಪ್ರಶ್ನೆಯ ಮೇಲೆ. ಜಮಖಂಡಿಯ ನಮ್ಮ ಮನೆಯಲ್ಲಿ ನಾನು ಬೆಳೆದದ್ದೇ ಆ ಪ್ರಶ್ನೆಯನ್ನು ಕೇಳಿಸಿಕೊಳ್ಳುತ್ತ. ಅವ್ವ ಅದನ್ನು ದಿನಕ್ಕೆ ಎರಡು ಸಲ ಕೇಳುತ್ತಿದ್ದಳು, ಬೆಳಿಗ್ಗೆ ರೊಟ್ಟಿಯ ಹಿಟ್ಟು ನಾದುವಾಗ ಒಮ್ಮೆ, ಸಂಜೆ ಒಲೆ ಹೊತ್ತಿಸುವಾಗ ಒಮ್ಮೆ. ಅಪ್ಪನ ಉತ್ತರ ಯಾವಾಗಲೂ ಒಂದೇ: "ಏನರೆ ಮಾಡು." ಆದರೆ ಏನಾದರೂ ಮಾಡಿಟ್ಟರೆ ಸುಮ್ಮನೆ ಉಣ್ಣುವ ಮನುಷ್ಯರು ನಮ್ಮ ಮನೆಯಲ್ಲಿ ಒಬ್ಬರೂ ಇರಲಿಲ್ಲ.

ಒಂದರ ಹಿಂದೆ ಒಂದು ಮೂರು ಕೋಣೆಗಳ ಮನೆ. ಮುಂದೆ ಪಡಸಾಲೆ, ನಡುವೆ ನಡುಮನೆ, ಕೊನೆಗೆ ಅಡುಗೆಮನೆ. ಅಡುಗೆಮನೆಗೆ ಮಾಳಿಗೆಯಲ್ಲಿ, ಅಂದರೆ ಮೇಲಿನ ಮಣ್ಣಿನ ಸೂರಿನಲ್ಲಿ, ಒಂದು ಬೆಳಕಿಂಡಿ ಬಿಟ್ಟರೆ ಬೇರೆ ಕಿಟಕಿ ಇಲ್ಲ. ಹೊಗೆ ಅದರಿಂದ ಹೋಗಬೇಕು, ಬೆಳಕು ಅದರಿಂದಲೇ ಬರಬೇಕು, ಎರಡೂ ಒಂದಕ್ಕೊಂದು ದಾರಿ ಬಿಡುತ್ತಿರಲಿಲ್ಲ. ನಡುಮನೆಗೂ ಅಡುಗೆಮನೆಗೂ ನಡುವಿನ ಹೊಸ್ತಿಲ ಬಳಿ ಆಯಿ, ಅಂದರೆ ಅಪ್ಪನ ತಾಯಿ, ಗೋಡೆಗೆ ಆನಿಕೊಂಡು ಕಾಲು ಚಾಚಿ ಕೂತಿರುತ್ತಿದ್ದಳು. ನೀರಿನ ಕೊಡ ಹೊತ್ತವರಾಗಲಿ, ಬಿಸಿ ಪಾತ್ರೆ ಹಿಡಿದವರಾಗಲಿ ಆ ಕಾಲು ದಾಟಿಯೇ ಹೋಗಬೇಕು. ಮಡಚಿಕೋ ಎಂದರೆ, "ಮಡಚಿದ್ರ ಮತ್ತ ನೆಟ್ಟಗ ಮಾಡಾಕ ನೀ ಬರ್ತಿ ಏನ?" ಎನ್ನುತ್ತಿದ್ದಳು. ಆಕೆಗೆ ಜೋಳದ ರೊಟ್ಟಿ, ಯಾವುದಾದರೂ ಒಂದು ಕಾಳಿನ ಪಲ್ಯ, ಗುರೆಳ್ಳಿನ ಚಟ್ನಿ, ಮಜ್ಜಿಗೆ ಇಷ್ಟೇ ಊಟ. ಉಳಿದದ್ದೆಲ್ಲ ಆಕೆಯ ಲೆಕ್ಕದಲ್ಲಿ ಚೈನಿ. ಅವ್ವ, ಹೆಸರು ನೀಲವ್ವ, ಸಾವಳಗಿಯವಳು, ಕೈಯಲ್ಲಿ ರುಚಿ ಇದ್ದವಳು. ಆದರೆ ಸಾಲಿಯ ಮೆಟ್ಟಿಲು ಹತ್ತಿದವಳಲ್ಲ. ಎದುರು ಬೇಸರ ತೋರಿಸಿಕೊಳ್ಳುವವಳೂ ಅಲ್ಲ. ಬೇಸರವಾದರೆ ರೊಟ್ಟಿಯನ್ನು ಸ್ವಲ್ಪ ಜೋರಾಗಿ ಬಡಿಯುತ್ತಿದ್ದಳು, ಅಷ್ಟೇ. ಸದ್ದು ಕೇಳಿಯೇ ನಾನು ಆ ದಿನ ಹೇಗೆ ಹೋಗುತ್ತದೆಂದು ಹೇಳಬಲ್ಲವಳಾಗಿದ್ದೆ.

ಅಪ್ಪ ಬಸ್ಸಿನ ಕಂಡಕ್ಟರ್. ಮುಧೋಳಕ್ಕೆ, ಬೀಳಗಿಗೆ, ರಬಕವಿ-ಬನಹಟ್ಟಿಗೆ ದಿನಾ ತಿರುಗುವ ಕೆಲಸ. ಜನ ಸೀಟಿನ ಮೇಲೆ ಬಿಟ್ಟುಹೋದ ವಾರಪತ್ರಿಕೆಗಳನ್ನು ಅವನು ಎಸೆಯುತ್ತಿರಲಿಲ್ಲ. ಅವುಗಳಲ್ಲಿ ಒಂದು ಅಡುಗೆ ಪುಟ ಇರುತ್ತಿತ್ತು: ದಿನನಿತ್ಯದ ತಿಂಡಿ, ಬೇಸಿಗೆಯ ಪಾನಕ, ಉಳಿದ ಅನ್ನಕ್ಕೆ ಹೊಸ ರೂಪ, ಹೀಗೆ. ಒಂದೊಂದು ಪುಟದಲ್ಲಿ ನಾಲ್ಕೈದು ಅಡುಗೆ. ಅಪ್ಪ ಆ ಪುಟವನ್ನು ಮಾತ್ರ ಹರಿದು, ನಾಲ್ಕಾಗಿ ಮಡಚಿ, ಟಿಕೆಟ್ ಚೀಲದಲ್ಲಿ ಇಟ್ಟುಕೊಂಡು ತರುತ್ತಿದ್ದ. ಅಡುಗೆಮನೆಯ ಗೋಡೆಗೆ ಒಂದು ತಂತಿ ಸಿಕ್ಕಿಸಿ ಅದಕ್ಕೆ ಚುಚ್ಚುತ್ತಿದ್ದ. ಮೊದಲು ತಿಂಗಳಿಗೊಂದು, ಆಮೇಲೆ ವಾರಕ್ಕೆ ಎರಡು ಮೂರು. ಬೆಳಿಗ್ಗೆ ಖಾಕಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಹೇಳಿಬಿಡುತ್ತಿದ್ದ:

"ಇದರಾಗಿಂದು ಒಂದ ಮಾಡಿಡು. ಕಸ್ತೂರಿ ಓದಿ ಹೇಳ್ತಾಳ."

ಕಸ್ತೂರಿ ಎಂದರೆ ನಾನು. ಆಗ ನಾಲ್ಕನೆಯ ಇಯತ್ತೆ. ಅಪ್ಪನಿಗೆ ಓದಲು ಚೆನ್ನಾಗಿ ಬರುತ್ತಿತ್ತು, ಆದರೆ ಅವನು ಓದುತ್ತಿದ್ದದ್ದು ಪುಟದ ಮೇಲಿನ ದಪ್ಪ ಅಕ್ಷರದ ಹೆಸರು ಮತ್ತು ಪಕ್ಕದ ಚಿತ್ರ ಎರಡನ್ನೇ. ಕೆಳಗಿನ ಸಾಲುಗಳೆಲ್ಲ ನನ್ನ ಪಾಲು. ಸಾಲಿಯಿಂದ ಬಂದು ಚೀಲ ಇಳಿಸುವುದಕ್ಕೂ ಬಿಡದೆ ಅವ್ವ ಕರೆಯುತ್ತಿದ್ದಳು. ನಾನು ಒಲೆಯ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಹೊಗೆಗೆ ಕಣ್ಣೊರೆಸಿಕೊಳ್ಳುತ್ತ ಓದಬೇಕು. ಆ ಪುಟಗಳ ಕನ್ನಡ ನಮ್ಮ ಕನ್ನಡವಲ್ಲ. ಅದನ್ನು ಬರೆದ ಹೆಂಗಸಿನ ಜೊತೆ ಅವ್ವ ನನ್ನ ಮೂಲಕವೇ ಜಗಳಕ್ಕೆ ನಿಲ್ಲುತ್ತಿದ್ದಳು.

"ಹದವಾಗಿ ಬಾಡಿಸಿ," ಎಂದು ನಾನು ಓದುತ್ತಿದ್ದೆ.

"ಹದಾ ಅಂದ್ರ ಎಷ್ಟ?"

"ಅದನ್ನ ಬರದಿಲ್ಲಬೇ."

"ಮತ್ತೇನ್ ಬರದಾಳ ಆಕಿ? ಮುಂದ ಓದು."

"ಒಂದು ಬಟ್ಟಲು ಹಸಿ ತೆಂಗಿನ ತುರಿ."

"ಹಸೀ ತೆಂಗಿನಕಾಯಿ ದಿನಾ ಎಲ್ಲಿಂದ ತರ್ಲಿ? ದೇವರಿಗೆ ಒಡದದ್ದ ಅರ್ಧ ಹೋಳು ಐತಿ. ಇಲ್ಲದಿದ್ರ ಏನ್ ಹಾಕಬೇಕಂತ ಕೇಳು."

"ಯಾರನ್ನ ಕೇಳಲಿ? ಆಕಿ ಹಾಳ್ಯಾಗ ಅದಾಳ!"

ಹೀಗೆ ಒಂದು ಪಲ್ಯ ಒಲೆ ಏರುವಷ್ಟರಲ್ಲಿ ಕತ್ತಲಾಗುತ್ತಿತ್ತು. ನೆನೆಸಿದ್ದನ್ನು ಒರಳಲ್ಲಿ ರುಬ್ಬುವವಳು ಅವ್ವ, ತಿರುವಲು ಕೈ ಕೊಡುವವಳು ನಾನು. ಅಷ್ಟೆಲ್ಲ ಮಾಡಿಟ್ಟರೆ ಆಯಿ ತಟ್ಟೆಯನ್ನು ಬೆರಳ ತುದಿಯಿಂದ ಆಚೆ ಸರಿಸಿ, "ಇದೇನವಾ, ಗ್ವಾಡಿಗಿ ಬಳಿಯೂದ ಏನ?" ಎನ್ನುತ್ತಿದ್ದಳು. ಆಕೆಗೆ ಬೇರೆ ಹೆಸರುಕಾಳಿನ ಪಲ್ಯ ಆಗಬೇಕು. ಒಂದೇ ಒಲೆಯಲ್ಲಿ ಎರಡು ಅಡುಗೆ. ಅಪ್ಪ ಮಾತ್ರ ಹೊಸದನ್ನು ಒಂದು ತುತ್ತು ಬಾಯಿಗಿಟ್ಟು, ಮಾಳಿಗೆ ನೋಡುತ್ತ ಅಗಿದು, "ಛಲೋ ಆಗೇತಿ, ಇನ್ನೊಂದೀಟ ಏನೋ ಬೇಕಾಗಿತ್ತ" ಎನ್ನುತ್ತಿದ್ದ. ಏನು ಬೇಕಾಗಿತ್ತು ಎಂದು ಒಂದು ದಿನವೂ ಹೇಳಲಿಲ್ಲ. ಮರುದಿನ ಬಸ್ಸಿನಲ್ಲಿ ಡ್ರೈವರ್ ಯಮನಪ್ಪನ ಮುಂದೆ ಮಾತ್ರ, ನಮ್ಮ ಮನೆಯಲ್ಲಿ ವಾರಪತ್ರಿಕೆ ನೋಡಿ ಅಡುಗೆ ಮಾಡುತ್ತಾರೆಂದು ಎದೆಯುಬ್ಬಿಸಿ ಹೇಳಿಕೊಳ್ಳುತ್ತಿದ್ದನಂತೆ. ನೋಡಿ ಮಾಡುವವರು ಯಾರು ಎಂಬುದನ್ನು ಹೇಳುತ್ತಿರಲಿಲ್ಲ. ಅವ್ವನಿಗೆ ಅಕ್ಷರ ಬಾರದ್ದು ಅವನಿಗೆ ನಾಚಿಕೆಯ ಸಂಗತಿಯಾಗಿತ್ತೆಂದು ನನಗೆ ಆಗ ಗೊತ್ತಿರಲಿಲ್ಲ.

ಮೊದಲ ಸುಳ್ಳು ಬೇಕೆಂದು ಓದಿದ್ದಲ್ಲ. ಬೇಸತ್ತು ಓದಿದ್ದು. ತರಕಾರಿಯ ಕುರ್ಮಾ ಒಂದಕ್ಕೆ ಹದಿನಾಲ್ಕು ಸಾಮಾನು ಬರೆದಿದ್ದರು. ಹೊರಗೆ ಗೆಳತಿಯರು ಕುಂಟಲಿಪಿ ಆಡುತ್ತಿದ್ದ ಸದ್ದು ಕೇಳುತ್ತಿತ್ತು. ಆರು ಸಾಮಾನು ಓದಿ, "ಆತು, ಇಷ್ಟ" ಎಂದೆ. ಗಸಗಸೆ, ಗೋಡಂಬಿ, ತೆಂಗಿನಕಾಯಿ, ರುಬ್ಬುವುದು ಎಲ್ಲ ಹಾಳೆಯಲ್ಲೇ ಉಳಿದವು. ಅವ್ವ ಅರ್ಧ ತಾಸಿನಲ್ಲಿ ಮಾಡಿ ಮುಗಿಸಿದಳು. ಅಪ್ಪ ಉಂಡು, ಯಾವತ್ತೂ ಇಲ್ಲದಂತೆ ಇನ್ನೊಂದು ಸಲ ಹಾಕಿಸಿಕೊಂಡ.

"ನೋಡಿದ್ಯಾ? ಓದಿ ಮಾಡಿದ್ರ ಹಿಂಗ ಬರ್ತೈತಿ," ಎಂದು ಅವ್ವನಿಗೆ ಹೇಳಿದ.

ಅವ್ವ ಹಿಗ್ಗಿದಳು. ನಾನು ಅದಕ್ಕಿಂತ ಹೆಚ್ಚು ಹಿಗ್ಗಿದೆ. ಅಂದಿನಿಂದ ಹಾಳೆಗಳನ್ನು ತಿದ್ದುವ ಕೆಲಸ ಹಿಡಿದೆ. ತೆಂಗಿನ ತುರಿ ಎಂದಿದ್ದಲ್ಲಿ ಶೇಂಗಾಪುಡಿ ಎಂದು ಓದಿದೆ, ಏಕೆಂದರೆ ಶೇಂಗಾಪುಡಿ ಡಬ್ಬಿಯಲ್ಲಿ ಯಾವಾಗಲೂ ಇರುತ್ತಿತ್ತು. ಎರಡು ತಾಸು ನೆನೆಸಿ ಎಂದಿದ್ದರೆ ಆ ಸಾಲನ್ನೇ ಹಾರಿಸಿದೆ. ಆಮೇಲೆ ಧೈರ್ಯ ಬಂದು, ಹಾಳೆಯಲ್ಲಿ ಇಲ್ಲದ ಅಡುಗೆಗಳನ್ನೇ ಓದತೊಡಗಿದೆ. ಅವುಗಳ ಪೈಕಿ ಎಲ್ಲರಿಗೂ ಮೆಚ್ಚುಗೆಯಾದದ್ದು ಒಂದು ಬಟಾಟಿಯ ಗೊಜ್ಜು. ಕುದಿಸಿದ ಬಟಾಟಿ, ಹುಣಸೆಹುಳಿ, ಮುಧೋಳದ ಬೆಲ್ಲ, ಒಣಮೆಣಸಿನಕಾಯಿ, ಮೇಲೆ ಒಂದು ಮುಷ್ಟಿ ಶೇಂಗಾಪುಡಿ. ರುಬ್ಬುವುದಿಲ್ಲ, ಹುರಿಯುವುದಿಲ್ಲ. ನನಗೆ ಸಿಹಿ-ಹುಳಿ ತಿನ್ನುವ ಆಸೆ, ಅಷ್ಟೇ ಅದರ ಮೂಲ. ಹೆಸರು ಬೇಕಲ್ಲ, "ಮೈಸೂರು ಗೊಜ್ಜು" ಎಂದು ಓದಿದೆ. ಆಯಿ ಕೂಡ ರೊಟ್ಟಿಯ ತುಂಡಿನಿಂದ ತಟ್ಟೆ ಒರೆಸಿ ತಿಂದು, "ಹ್ಞೂಂ, ಇದ ಒಂದ ಅಡಗಿ" ಎಂದಳು. ಆರು ತಿಂಗಳು ಹೀಗೇ ನಡೆಯಿತು. ಅವ್ವನ ಕಷ್ಟ ಇಳಿಸಿದ್ದೇನೆಂದು ನಾನು ಬೀಗುತ್ತಿದ್ದೆ. ನೀರಿನ ನಳದ ಹತ್ತಿರ ಅವ್ವ ಓಣಿಯ ಹೆಂಗಸರಿಗೆ, ಮೈಸೂರ ಕಡೆಯವರು ಹೀಗೆ ಮಾಡುತ್ತಾರೆ, ಮಂಗಳೂರ ಕಡೆಯವರು ಹಾಗೆ ಮಾಡುತ್ತಾರೆ ಎಂದು ಕೊಡ ತುಂಬುವುದನ್ನೂ ಮರೆತು ಹೇಳುವುದನ್ನು ಒಂದೆರಡು ಸಲ ಕೇಳಿದ್ದೆ. ಕೇಳಿ ನಗು ಬಂದಿತ್ತು, ಅಷ್ಟೇ. ಅದರಾಚೆ ಏನೂ ಹೊಳೆಯಲಿಲ್ಲ.

ಒಂದು ರವಿವಾರ ಅಪ್ಪ ಯಮನಪ್ಪನನ್ನೂ ಅವನ ಹೆಂಡತಿಯನ್ನೂ ಊಟಕ್ಕೆ ಕರೆದ. ಅವರು ರಬಕವಿಯಲ್ಲಿ ಇರುವವರು. ಹೆಂಡತಿ ಸರೋಜಾ ಅಲ್ಲಿನ ಸಾಲಿಯಲ್ಲಿ ಟೀಚರ್. ಅವ್ವ ಎರಡು ದಿನ ಮೊದಲೇ ನೆಲ ಸಾರಿಸಿದಳು, ಎಣ್ಣೆಗಾಯಿಗೆ ಸಣ್ಣ ಬದನೆಕಾಯಿ ಆರಿಸಿ ತಂದಳು, ಮೊಸರು ಹೆಪ್ಪು ಹಾಕಿದಳು. ಕೊನೆಗೆ, "ಆ ಮೈಸೂರ ಗೊಜ್ಜೂ ಇರ್ಲಿ, ಟೀಚರ್ ಬರಾಕತ್ತಾರ" ಎಂದು ಅದನ್ನೂ ಮಾಡಿದಳು. ಪಡಸಾಲೆಯಲ್ಲಿ ಗಂಡಸರು ಉಂಡರು. ಆಮೇಲೆ ನಡುಮನೆಯಲ್ಲಿ ಸರೋಜಾ ಟೀಚರ್ ನನ್ನ ಪಕ್ಕದಲ್ಲೇ ಕೂತರು. ಗಂಡಸರು ತಾಂಬೂಲ ಹಾಕಿಕೊಳ್ಳುತ್ತ ಬಾಗಿಲ ಬಳಿ ನಿಂತು ಮಾತಾಡುತ್ತಿದ್ದರು. ಟೀಚರ್ ಗೊಜ್ಜಿನ ರುಚಿ ನೋಡಿ ಮೆಚ್ಚಿದರು.

"ಭಾಳ ಛಲೋ ಆಗೇತ್ರಿ ಅಕ್ಕಾರ. ಏನಂತಾರ್ರೀ ಇದಕ್ಕ?"

"ಮೈಸೂರ ಗೊಜ್ಜರಿ," ಎಂದಳು ಅವ್ವ.

"ಹೌದ್ರೀ? ನಾ ಟ್ರೇನಿಂಗಿಗಿ ಮೈಸೂರಾಗ ಎರಡ ವರ್ಷ ಇದ್ನಿ. ಅಲ್ಲೆಲ್ಲೂ ಇಂಥಾದ್ದ ತಿಂದಿಲ್ಲ ನೋಡ್ರಿ."

ಅವರ ಮಾತಿನಲ್ಲಿ ಕುಹಕ ಇರಲಿಲ್ಲ. ಆದರೆ ಅಪ್ಪನಿಗೆ ತಡೆಯಲಾಗಲಿಲ್ಲ. "ಹಾಳ್ಯಾಗ ಐತ್ರಿ ಟೀಚರ್," ಎಂದು ಒಳಗೆ ಹೋಗಿ ತಂತಿಯಿಂದ ಒಂದು ಹಾಳೆ ಬಿಡಿಸಿ ತಂದುಕೊಟ್ಟ. ಗೊಜ್ಜು ಮೊದಲು ಮಾಡಿದ ದಿನ ತಾನೇ ತಂದಿದ್ದ ಹಾಳೆ, ಅದರ ಚಿತ್ರದ ಗುರುತು ಅವನಿಗಿತ್ತು. ಟೀಚರ್ ಎಡಗೈಯಲ್ಲಿ ಅದನ್ನು ಹಿಡಿದು ಮೇಲಿನಿಂದ ಕೆಳಗೆ ಕಣ್ಣಾಡಿಸಿದರು. ಹಿಂದೆ ತಿರುವಿದರು. ಮತ್ತೆ ಮುಂದೆ ತಿರುವಿದರು.

"ಇದರಾಗ ಕಾಣವಲ್ತಲ್ರಿ. ಯಾವದ್ರೀ ಅಕ್ಕಾರ? ಒಂದೀಟ ತೋರಸ್ರಿ," ಎಂದು ಅದನ್ನು ಅವ್ವನ ಕೈಗೇ ಕೊಟ್ಟರು.

ಅವ್ವ ಹಾಳೆ ತೆಗೆದುಕೊಂಡಳು. ಬೇಡ ಎನ್ನಬಹುದಿತ್ತು, ಎನ್ನಲಿಲ್ಲ. ಆರು ತಿಂಗಳಿಂದ ತಾನೇ ಮಾಡುತ್ತ ಬಂದ ಅಡುಗೆ ಅದರಲ್ಲಿ ಇದ್ದೇ ಇದೆ ಎಂಬ ಭರವಸೆ ಅವಳಿಗೆ. ಒಂದು ಗಳಿಗೆ ನೋಡಿ, ಕೆಳಗಿನ ಮೂಲೆಯಲ್ಲಿ ಚೌಕಟ್ಟು ಹಾಕಿದ್ದ ಬರಹದ ಮೇಲೆ ಬೆರಳಿಟ್ಟು, "ಇದ ನೋಡ್ರಿ" ಎಂದಳು. ಅದು ಕೂದಲಿಗೆ ಹಚ್ಚುವ ಎಣ್ಣೆಯ ಜಾಹೀರಾತಾಗಿತ್ತು.

ಟೀಚರಿಗೆ ತಕ್ಷಣ ಅರ್ಥವಾಗಿ ಮುಖ ಕೆಂಪಾಯಿತು. ಯಮನಪ್ಪ ಓಣಿಯ ಕಡೆ ತಿರುಗಿದ. ಅಪ್ಪ ತನ್ನ ಕಾಲ ಹೆಬ್ಬೆರಳು ನೋಡುತ್ತ ನಿಂತ. ಆಗ ನಾನು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು: ಅದು ಹಾಳೆಯಲ್ಲಿ ಇಲ್ಲ, ನಾನು ಹುಟ್ಟಿಸಿದ್ದು. ಅದರ ಬದಲು ತಟ್ಟೆಯಲ್ಲಿದ್ದ ಗೊಜ್ಜನ್ನು ರೊಟ್ಟಿಯ ಕೆಳಗೆ ಸರಿಸಿ ಮುಚ್ಚಿದೆ. ಎಲ್ಲರನ್ನೂ ಆ ಮುಜುಗರದಿಂದ ಬಿಡಿಸಿದವಳು ಆಯಿ. ಹೊಸ್ತಿಲ ಬಳಿಯಿಂದಲೇ ಗಟ್ಟಿಯಾಗಿ ಹೇಳಿದಳು:

"ಆಕೀಗಿ ಓದಾಕ ಬರೂದಿಲ್ಲವಾ. ನನಗೂ ಬರೂದಿಲ್ಲ. ನೀ ಉಣ್ಣು. ನೀಲವ್ವಾ, ಟೀಚರಿಗಿ ಮಜ್ಜಿಗಿ ನೀಡು."

ಅವ್ವ ಹಾಳೆಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಮಜ್ಜಿಗೆ ನೀಡಿದಳು. ಹೋಗುವಾಗ ಟೀಚರ್ ಅವಳ ಕೈ ಹಿಡಿದು, "ತಪ್ಪ ತಿಳೀಬ್ಯಾಡ್ರಿ ಅಕ್ಕಾರ" ಎಂದರು. "ಅಯ್ಯ, ಯಾಕ್ರಿ, ಮತ್ತ ಬರ್ರಿ" ಎಂದಳು ಅವ್ವ. ಅವರು ಓಣಿಯ ತಿರುವು ದಾಟುವುದೇ ತಡ, ಅಪ್ಪ ಶುರು ಮಾಡಿದ.

"ಗೊತ್ತಿಲ್ಲಂದ ಮ್ಯಾಲ ಬೆರಳ ಯಾಕಿಟ್ಟಿ? ಮಂದಿ ಮುಂದ ನನ್ನ ಮಾರಿ ಹೆಂಗಾತು!"

ಇಷ್ಟು ವರ್ಷದ ಮೇಲೂ ಆ ಮಾತು ನೆನಪಾದರೆ ಅಪ್ಪನ ಮೇಲೆ ನನಗೆ ರೇಗುತ್ತದೆ. ಅವನ ಮುಖವಂತೆ! ಅವ್ವ ಎಂಜಲ ತಟ್ಟೆಗಳನ್ನೆಲ್ಲ ತೊಳೆದು ಬೋರಲು ಹಾಕಿ, ಅಡುಗೆಮನೆಯ ತಂತಿಯನ್ನೇ ಗೋಡೆಯಿಂದ ಕಿತ್ತು ತಂದು ನನ್ನ ಮುಂದೆ ಇಟ್ಟಳು.

"ಮದಲಿಂದ ಓದು. ಇದ್ದದ್ದ ಓದು."

ಓದಿದೆ. ಮೊದಲ ಹಾಳೆಯಿಂದ ಕೊನೆಯ ಹಾಳೆಯವರೆಗೆ, ಬೆಳಕಿಂಡಿಯ ಬಿಸಿಲು ಗೋಡೆ ಹತ್ತಿ ಮಾಯವಾಗುವವರೆಗೂ ಓದಿದೆ. ತಾನು ಮಾಡಿದ್ದ ಅಡುಗೆ ಹಾಳೆಯಲ್ಲಿ ಇಲ್ಲ ಎಂದಾಗಲೆಲ್ಲ ಅವ್ವ ಆ ಹಾಳೆಯನ್ನು ಬೇರೆ ಇಡುತ್ತಿದ್ದಳು. ಕೊನೆಗೆ ಬೇರೆ ಇಟ್ಟ ರಾಶಿಯೇ ದೊಡ್ಡದಾಗಿತ್ತು. ಹೊಡೆಯುತ್ತಾಳೆಂದು ಕಾದೆ. ಹೊಡೆದಿದ್ದರೆ ಹಗುರವಾಗುತ್ತಿತ್ತು.

"ನಿನಗ ರುಬ್ಬೂ ಕೆಲಸ ತಪ್ಪಲಿ ಅಂತ ಓದೀನವಾ," ಎಂದು ಅಳುತ್ತ ಹೇಳಿದೆ.

"ರುಬ್ಬೂದ ಬ್ಯಾಡಂತ ನಾ ಅಂದಿದ್ನೇನ?" ಎಂದಳು ಅವ್ವ. ಆ ರಾಶಿಯನ್ನು ಜೋಡಿಸುತ್ತ ಹೇಳಿದಳು: "ನಾ ಏನೋ ಕಲ್ಯಾಕತ್ತೇನಿ ಅನ್ಕೊಂಡಿದ್ನಿ. ಮೈಸೂರಂದು, ಮಂಗಳೂರಂದು. ಮಂದಿಗಿ ಹೇಳಿಕೊಟ್ಟೀನಿ. ನೀ ನನಗ ನಮ್ಮ ಡಬ್ಬ್ಯಾಗಿಂದ ಶೇಂಗಾಪುಡೀನ ಕಲಿಸಿದಿ."

ನನಗೆ ಅಂದು ಅರ್ಥವಾದದ್ದು ಇಷ್ಟು: ಅಪ್ಪ ಹೆಸರು ಓದಿ ಬಿಟ್ಟ, ನಾನು ನನಗೆ ಬೇಕಾದ್ದು ಓದಿ ಬಿಟ್ಟೆ, ಇಬ್ಬರ ನಡುವೆ ಅವ್ವನಿಗೆ ಏನು ಬೇಕೆಂದು ಯಾರೂ ಕೇಳಿರಲಿಲ್ಲ. ಮುಂದೆ ಬೀಳಗಿಯ ಕಚೇರಿಯೊಂದರಲ್ಲಿ ನಾನು ಇಪ್ಪತ್ತಕ್ಕೂ ಹೆಚ್ಚು ವರ್ಷ ಕೆಲಸ ಮಾಡಿದೆ. ಹೆಬ್ಬೆಟ್ಟು ಒತ್ತಲು ಬಂದ ಪ್ರತಿಯೊಬ್ಬರಿಗೂ ಕಾಗದವನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿ ಹೇಳುತ್ತಿದ್ದೆ. ಸಾಹೇಬರು ರೇಗುತ್ತಿದ್ದರು, ಹಿಂದೆ ಪಾಳಿ ಹಚ್ಚಿದವರು ಗೊಣಗುತ್ತಿದ್ದರು, ಹೆಬ್ಬೆಟ್ಟು ಒತ್ತುವವರೇ "ಇರ್ಲಿ ಬಿಡ್ರಿ ಬಾಯಾರ, ಎಲ್ಲಿ ಒತ್ತಬೇಕ ಹೇಳ್ರಿ" ಎನ್ನುತ್ತಿದ್ದರು. ಒಂದು ಸಾಲೂ ಬಿಡುತ್ತಿರಲಿಲ್ಲ.

ಆ ರವಿವಾರದ ಮರುದಿನ ಬೆಳಿಗ್ಗೆ ಅವ್ವ ನನ್ನ ಕೈ ಹಿಡಿದುಕೊಂಡು ಓಣಿಯ ಮೂರು ಮನೆಗಳಿಗೆ ಹೋದಳು. ಮೂರೂ ಕಡೆ ಒಂದೇ ಮಾತು: "ನಾ ಹೇಳಿದ್ದ ಮೈಸೂರ ಅಡಗಿ ಅಲ್ಲವಾ. ಇಕಿ ಹುಟ್ಟಿಸಿದ್ದು. ನನಗ ಗೊತ್ತಿರಲಿಲ್ಲ." ಮೊದಲ ಮನೆಯವಳು ಬಾಯಿಗೆ ಸೆರಗು ಹಿಡಿದಳು. ಎರಡನೆಯವಳು ನನ್ನ ಕಿವಿ ಹಿಂಡಿದಳು. ಮೂರನೆಯ ಮನೆಯ ಗಂಗವ್ವ ಗೊಜ್ಜಿನ ಪಾತ್ರೆಯನ್ನೇ ಎತ್ತಿ ತೋರಿಸಿ, "ಯಾರರೆ ಹುಟ್ಟಿಸಲಿ, ನಮ್ಮ ಮನ್ಯಾಗ ದಿನಾ ಬೇಡತಾರ" ಎಂದಳು. ನನಗೆ ಜೀವ ಬಂದಂತಾಯಿತು. ಅವ್ವನ ಮುಖ ಸಡಿಲಾಗಲಿಲ್ಲ. ದಾರಿಯಲ್ಲಿ ಕೈ ಬಿಟ್ಟು ಮುಂದೆ ನಡೆದಳು.

ನಾಲ್ಕು ದಿನ ಬಿಟ್ಟು ಅಪ್ಪ, ಏನೂ ಆಗಿಲ್ಲವೆಂಬಂತೆ, ಇನ್ನೊಂದು ಹಾಳೆ ತಂದ. ಸಂಜೆ ಅವ್ವ ನನ್ನನ್ನು ಕೂಡಿಸಿಕೊಂಡು ಎಲ್ಲವನ್ನೂ ಓದಿಸಿದಳು. ನಾಲ್ಕು ಅಡುಗೆ, ಒಂದೊಂದಕ್ಕೂ ಉದ್ದನೆಯ ಪಟ್ಟಿ. ಕೇಳಿ ಮುಗಿಸಿ, "ಇದ್ಯಾವದೂ ಬ್ಯಾಡ" ಎಂದಳು. ರೊಟ್ಟಿ ಬಡಿದಳು, ಕಡಲೆಹಿಟ್ಟಿನ ಜುಣಕ ತಿರುವಿದಳು, ಮೇಲೆ ಹಸಿ ಉಳ್ಳಾಗಡ್ಡಿ ಹೆಚ್ಚಿಟ್ಟಳು. ಅಪ್ಪ ತಟ್ಟೆ ನೋಡಿ ಹುಬ್ಬು ಗಂಟಿಕ್ಕಿದ.

"ಹಾಳಿ ಓದಿಲ್ಲೇನ?"

"ಓದಿಸಿ ಕೇಳಿನ್ರಿ. ನಾಕೂ ಕೇಳಿನಿ. ನನ್ನ ಮನಸಿಗಿ ಬರ್ಲಿಲ್ಲ."

"ಮನಸಿಗಿ ಬರ್ಲಿಲ್ಲಂದ್ರ?"

"ಬರ್ಲಿಲ್ಲಂದ್ರ ಬರ್ಲಿಲ್ಲರಿ. ನಿಮಗ ಬೇಕಾದ್ರ ರವಿವಾರ ಒಲಿ ಮುಂದ ಕುಂಡ್ರರಿ, ನೀವ ಓದ್ರಿ, ನಾ ಮಾಡ್ತೇನಿ."

ಅವ್ವ ಅಪ್ಪನಿಗೆ ಹಾಗೆ ಎದುರು ಮಾತಾಡಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಅಪ್ಪ ಆಯಿಯ ಕಡೆ ನೋಡಿದ. ಆಯಿ ಜುಣಕದಲ್ಲಿ ಮುಳುಗಿದ್ದಳು. ಅವನು ಗೊಣಗುತ್ತ ಉಂಡ. ಆ ರವಿವಾರ ಅವನು ಒಲೆಯ ಮುಂದೆ ಕೂರಲಿಲ್ಲ, ಮುಂದಿನ ರವಿವಾರವೂ ಕೂರಲಿಲ್ಲ. ಹಾಳೆ ತರುವುದನ್ನು ಮಾತ್ರ ಬಿಡಲಿಲ್ಲ, ಆದರೆ "ಮಾಡಿಡು" ಎನ್ನುವುದು ನಿಂತಿತು. ತಂದು ಅವ್ವನ ಪಕ್ಕದಲ್ಲಿ ಇಟ್ಟು ಹೋಗುತ್ತಿದ್ದ.

ಬೇಸಿಗೆ ಬಂತು. ಒಂದು ದಿನ ಅವ್ವ ತಾನಾಗಿಯೇ ಒಂದು ಹಾಳೆ ಆರಿಸಿದಳು. ಎತ್ತರದ ಗಾಜಿನ ಲೋಟದಲ್ಲಿ ಹಸಿರು ಪಾನಕದ ಚಿತ್ರ ಅವಳ ಕಣ್ಣಿಗೆ ಬಿದ್ದಿತ್ತು. ಸೌತೆಕಾಯಿಯ ರಸ, ಬೆಲ್ಲ, ಹಸಿಶುಂಠಿ, ನಿಂಬೆಹುಳಿ, ಅದರ ಜೊತೆಗೆ ನೆನೆಸಿ ರುಬ್ಬಿದ ಮೆಂತ್ಯ ಎರಡು ದೊಡ್ಡ ಚಮಚ. ದೇಹಕ್ಕೆ ತಂಪು, ಮನೆಮಂದಿಗೆಲ್ಲ ಇಷ್ಟವಾಗುತ್ತದೆ ಎಂದು ಕೊನೆಗೆ ಬರೆದಿದ್ದರು. ಮೆಂತ್ಯದ ಸಾಲಿಗೆ ಬಂದಾಗ ನನ್ನ ನಾಲಿಗೆ ತಡೆಯಿತು. ಹಾರಿಸಿದರೆ ಎಲ್ಲರಿಗೂ ಒಳ್ಳೆಯದು ಎಂದು ಸ್ಪಷ್ಟವಾಗಿ ಗೊತ್ತಿತ್ತು. ಹಾರಿಸಲಿಲ್ಲ. ಅವ್ವ ಬೆಳಿಗ್ಗೆ ಮೆಂತ್ಯ ನೆನೆಹಾಕಿ, ಮಧ್ಯಾಹ್ನ ನುಣ್ಣಗೆ ರುಬ್ಬಿ, ಸೌತೆಕಾಯಿ ತುರಿದು ಹಿಂಡಿ, ಅರಿವೆಯಲ್ಲಿ ಸೋಸಿ, ಒಂದು ಸಾಮಾನೂ ಬಿಡದೆ ಮಾಡಿದಳು. ಮಣ್ಣಿನ ಗಡಿಗೆಯಲ್ಲಿ ತಂಪಾಗಲು ಇಟ್ಟಳು. ಸಂಜೆ ಅಪ್ಪ ಬಿಸಿಲಿನಿಂದ ಬಂದು ಕೂತಾಗ ಎಲ್ಲರಿಗೂ ಲೋಟ ತುಂಬಿ ಕೊಟ್ಟಳು.

ಅಪ್ಪ ಒಂದು ಗುಟುಕು ಕುಡಿದು ಮಾಳಿಗೆ ನೋಡಿದ. ಆಯಿ ಬಾಯಿಗಿಟ್ಟವಳೇ ಲೋಟವನ್ನು ನೆಲಕ್ಕೆ ಕುಕ್ಕಿ, "ಎತ್ತಿಗಿ ಕುಡಸೂ ಔಷಧ ಐತಿ ಇದು" ಎಂದಳು. ನಾನು ಮೂಗು ಹಿಡಿದು ಅರ್ಧ ಕುಡಿದೆ. ಕಹಿ, ಅದರ ಮೇಲೆ ಲೋಳೆ. ಅವ್ವ ಕೊನೆಗೆ ಕುಡಿದಳು. ಮುಖ ಹಿಂಡಿದಂತಾಯಿತು. ನನ್ನ ಕಡೆ ತಿರುಗಿದಳು.

"ಇದ್ದದ್ದ ಓದಿದಿ ಹೌದಿಲ್ಲೋ?"

"ಹೂನಬೇ. ಒಂದ ಅಕ್ಷರಾನೂ ಬಿಟ್ಟಿಲ್ಲ."

"ಖರೆ?"

"ಖರೆ ಅವ್ವಾ. ಮೆಂತ್ಯಾ ಎರಡ ಚಮಚಾ ಅಂತನ ಬರದಾಳ. ದೊಡ್ಡ ಚಮಚಾ."

ಅವ್ವ ಲೋಟದೊಳಗೆ ಇನ್ನೊಮ್ಮೆ ಇಣುಕಿ ನೋಡಿದಳು.

"ಹಂಗಾರ ತಪ್ಪ ನಮ್ದಲ್ಲ, ಬರದಾಕೀದು," ಎಂದಳು. ಹೇಳಿ ನಗತೊಡಗಿದಳು. ಸೆರಗು ಬಾಯಿಗೆ ಒತ್ತಿಕೊಂಡರೂ ನಗು ನಿಲ್ಲಲಿಲ್ಲ. ಅಪ್ಪ, ಆಯಿ ಇಬ್ಬರೂ ಏನಾಯಿತೆಂದು ಕೇಳಿದರು, ಅವಳಿಗೆ ಹೇಳಲು ಆಗಲಿಲ್ಲ. ನಗುತ್ತಲೇ ಕೈ ಚಾಚಿ, ನನ್ನ ಲೋಟದಲ್ಲಿ ಉಳಿದಿದ್ದನ್ನೂ ತಾನೇ ತೆಗೆದುಕೊಂಡು ಕುಡಿದಳು.